ಒಂದು ಮನಿ ಸಾಕಪಾ

ಚದುರಂಗದಲ್ಲಿ ಬಿಳಿಕಾಯಿಯವರು ಮೊದಲ ನಡೆಯನ್ನು 20 ರೀತಿಯಲ್ಲಿ ಆಡಬಹುದು. ಎಂಟು ಕಾಲಾಳುಗಳು ಒಂದೋ ಎರಡೋ ಮನೆ, ಎರಡು ಕುದುರೆಗಳು ತಲಾ ಎರಡು ಕಡೆ. ನಾನು ಕಲಿತದ್ದು ಒಂದೇ. ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ. ಆಟ ಶುರು ಮಾಡುವ ಈ ಕ್ರಮಕ್ಕೆ ಇಟಾಲಿಯನ್ ಓಪನಿಂಗ್ ಅಂತ ಹೆಸರು. ಎದುರಿನವರು ನನಗೆ ಬೇಕಾದ ಹಾಗೆ ಆಡಿದರೆ ಏಳನೇ ನಡೆವರೆಗೆ ನಾನು ಭಾರಿ ಆಟಗಾರ.

ಬಳ್ಳಾರಿಯಲ್ಲಿ ಒಂದು ಭಾನುವಾರದ ಟೂರ್ನಮೆಂಟ್. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ಜಾಸ್ತಿಯೇ ತಿಂದು ಹೋಗಿ ಕೂತೆ. ಎದುರಿಗೆ ಹತ್ತು ವರ್ಷದ ಹುಡುಗಿ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾನು ಗತ್ತಿನಿಂದ ಕಾಲಾಳನ್ನು ಎರಡು ಮನೆ ತಳ್ಳಿ ಗಡಿಯಾರ ಒತ್ತಿದೆ. ಅವಳು ಕುದುರೆಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿದಳು. ಆ ಸಂದಿಯಲ್ಲಿ ಒಂಟೆಯನ್ನು ಕೂರಿಸಿದಳು. ಮತ್ತೊಂದು ಕಾಲಾಳು, ಅದೂ ಒಂದೇ ಮನೆ. ನನ್ನ ಬಾಯಿಪಾಠ ಅಲ್ಲಿಗೆ ಮುಗಿಯಿತು.

ಆಗ ತಾತ ನೆನಪಾದರು. ಕಟ್ಟೆಯ ಮೇಲೆ ಕೂತು ಆಡುವಾಗ, “ಏ ತಮ್ಮಾ, ಒಂದು ಮನಿ ಸಾಕಪಾ, ಎರಡು ಮನಿ ಯಾಕ ಓಡ್ತಿ?” ಎನ್ನುತ್ತಿದ್ದರು. ನಮ್ಮ ಹಳೆಯ ಆಟದಲ್ಲಿ ಕಾಲಾಳಿಗೆ ಎರಡು ಮನೆ ಹಾರುವ ರಿಯಾಯಿತಿ ಇರಲಿಲ್ಲ. ಓಬೀರಾಯನ ಕಾಲದ್ದು ಅಂತ ನಾನು ನಗುತ್ತಿದ್ದೆ. 19ನೇ ಶತಮಾನದ ನಡುವಿನಲ್ಲಿ ಕಲ್ಕತ್ತಾದ ಮಹೇಶಚಂದ್ರ ಬ್ಯಾನರ್ಜಿ, ಜಾನ್ ಕಾಕ್ರನ್ ಎಂಬ ಸ್ಕಾಟ್ಲೆಂಡಿನ ವಕೀಲನ ಎದುರು ಈ ಹುಡುಗಿಯ ಹಾಗೇ ಕಾಲಾಳು ಒಂದು ಮನೆ ಸರಿಸಿ, ಆ ಸಂದಿಯಲ್ಲಿ ಒಂಟೆ ಕೂರಿಸಿ ಆಡಿದ್ದರು. ಕರಿಕಾಯಿಯವರ ಇಂಥ ಆಟಕ್ಕೆ ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಬಂದಿದ್ದೇ ಹೀಗೆ. ನಾನು ಇಟಲಿಗೆ ಹೋಗಿ ಕೂತಿದ್ದೆ ನೋಡಿ!

ಆ ಮೂಲೆಯ ಒಂಟೆ ಸುಮ್ನೆ ಕೂತಿದೆ ಅನಿಸುತ್ತದೆ. ಅದರ ಕಣ್ಣು ಮಾತ್ರ ಪಟದ ಆಚೆ ತುದಿಯವರೆಗೂ ಇರುತ್ತದೆ. ಮಧ್ಯೆ ನನ್ನ ಕುದುರೆ, ಅದರ ಹಿಂದೆ ನನ್ನ ಆನೆ. ಇಪ್ಪತ್ತನೇ ನಡೆಯ ಹೊತ್ತಿಗೆ ಅದನ್ನು ಮರೆತು ಕುದುರೆ ಹಿಡಿದೆ. ತಕ್ಷಣ ಹೊಳೆಯಿತು, ಕೈ ಬಿಟ್ಟೆ.

“ಅಂಕಲ್, ಮುಟ್ಟೀರಿ,” ಎಂದಳು ಮೆಲ್ಲಗೆ.

ಮುಟ್ಟಿದ ಕಾಯಿ ನಡೆಸಲೇಬೇಕು. ನಡೆಸಿದೆ. ಒಂಟೆ ಅಷ್ಟು ದೂರದಿಂದ ಬಂದು ಆನೆಯನ್ನು ಹೊಡೆಯಿತು. ಹೊಡೆದ ಕಾಯಿಗಳನ್ನು ಅವಳು ಪಟದ ಪಕ್ಕ ಸಾಲಾಗಿ ಜೋಡಿಸುತ್ತಿದ್ದಳು. ನನ್ನ ಆನೆಯನ್ನೂ ಅಲ್ಲಿಟ್ಟು, ಸಾಲು ನೇರ ಇದೆಯಾ ಅಂತ ಒಮ್ಮೆ ಬಗ್ಗಿ ನೋಡಿದಳು.