ಊರು ಬೆಳೆಯಲು ಕಡಲನ್ನು ತುಂಬಬೇಕೇ?

ಪರ: ಕೆಸರಿಗೂ ಗಟ್ಟಿಯಾಗಲು ಬರುತ್ತದೆ

ಕಡಲಿಗೆ ಮಣ್ಣು ಸುರಿದು ಕಟ್ಟಿದ್ದು ಒಂದಲ್ಲ ಒಂದು ದಿನ ಮುಳುಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಸುಮ್ನೆ ಸುರಿದು ಬಿಟ್ಟರೆ ಆ ಭಯ ಸರಿಯೇ. ಆದರೆ ಕೆಲಸ ನಡೆಯುವುದು ಹಾಗಲ್ಲ.

ಕಡಲ ತಳದಲ್ಲಿ ಅನೇಕ ಕಡೆ ಮೆತ್ತನೆಯ ಜೇಡಿಮಣ್ಣು, ಅದರ ತುಂಬ ನೀರು. ಮೇಲೆ ಭಾರ ಬಿದ್ದು ಆ ನೀರು ಹೊರಗೆ ಹೋದರೆ ಮಾತ್ರ ಮಣ್ಣು ಗಟ್ಟಿಯಾಗುತ್ತದೆ. ಜೇಡಿಯಲ್ಲಿ ನೀರು ಜಿನುಗುವುದು ತೀರಾ ನಿಧಾನ, ಹತ್ತಾರು ವರ್ಷವೇ ಬೇಕಾಗಬಹುದು. ಇದಕ್ಕೆ ಕಂಡುಕೊಂಡ ಉಪಾಯ ಒಂದು ಪ್ಲಾಸ್ಟಿಕ್ ಪಟ್ಟಿ. ಅಂಗೈಯಷ್ಟು ಅಗಲ, ಕೆಲವೇ ಮಿಲಿಮೀಟರ್ ದಪ್ಪ, ಉದ್ದಕ್ಕೂ ಸಣ್ಣ ಗೀರುಗಳು, ಸುತ್ತ ಸೋಸುವ ಬಟ್ಟೆ. ಇಂಥ ಸಾವಿರಾರು ಪಟ್ಟಿಗಳನ್ನು ಒಂದೆರಡು ಮೀಟರಿಗೊಂದರಂತೆ ಕೆಸರಿನ ಆಳಕ್ಕೆ ಚುಚ್ಚುತ್ತಾರೆ. ಮೇಲೆ ಮರಳಿನ ದೊಡ್ಡ ಗುಡ್ಡೆ ಹೇರಿ ತಿಂಗಳುಗಟ್ಟಲೆ ಬಿಡುತ್ತಾರೆ. ನೀರು ಪಟ್ಟಿ ಹಿಡಿದು ಮೇಲೇರಿ ಬರುತ್ತದೆ. ನೀರು ಹೋಗಬೇಕಾದ ದೂರ ಹತ್ತರಲ್ಲೊಂದು ಪಾಲಿಗೆ ಇಳಿದರೆ, ಬೇಕಾಗುವ ಕಾಲ ಹೆಚ್ಚುಕಡಿಮೆ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ! ಕುಸಿಯಬೇಕಾದ್ದು ಬಹುಪಾಲು ಮನೆ ಕಟ್ಟುವ ಮೊದಲೇ ಕುಸಿದಿರುತ್ತದೆ.

ತುಂಬಿದ ಮರಳನ್ನೂ ಹಾಗೇ ಬಿಡುವುದಿಲ್ಲ, ಅದುಮಿ ಬಿಗಿ ಮಾಡುತ್ತಾರೆ. 2011ರ ಭೂಕಂಪದಲ್ಲಿ ಟೋಕಿಯೊ ಪಕ್ಕದ ಉರಾಯಾಸುವಿನಲ್ಲಿ ತುಂಬಿದ ನೆಲ ಕೆಸರುನೀರಿನಂತಾಯಿತು. ಮನೆಗಳು ವಾಲಿದವು, ಮ್ಯಾನ್‌ಹೋಲ್‌ಗಳು ರಸ್ತೆಯಿಂದ ಮೇಲೆದ್ದು ನಿಂತವು. ಅದೇ ಊರಿನಲ್ಲಿ ಮೊದಲೇ ಬಿಗಿ ಮಾಡಿದ್ದ ಜಾಗಗಳು ಹೆಚ್ಚು ಹಾನಿಯಿಲ್ಲದೆ ಉಳಿದವು. ಹಾಗಾದರೆ ತಪ್ಪು ಕಡಲು ತುಂಬಿದ್ದರಲ್ಲಿ ಇರಲಿಲ್ಲ, ಅರ್ಧಂಬರ್ಧ ತುಂಬಿದ್ದರಲ್ಲಿ ಇತ್ತು ಅಲ್ವಾ?

1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ಸಿಂಗಾಪುರ ಈಗ 730 ದಾಟಿದೆ. ಆ ಜಾಗ ಇರದಿದ್ದರೆ ಅದರ ಬಂದರು, ವಿಮಾನ ನಿಲ್ದಾಣ ಎಲ್ಲಿಗೆ ಹೋಗಬೇಕಿತ್ತು?

ವಿರೋಧ: ಲೆಕ್ಕಕ್ಕೆ ಸಿಗದ ಕೆಸರು, ಲೆಕ್ಕಕ್ಕೆ ಬಾರದ ಜನ

ಪಟ್ಟಿ ಇಳಿಯುವ ಆಳಕ್ಕೆ ಒಂದು ಮಿತಿ ಇದೆ. ಅದರ ಕೆಳಗಿನ ಮಣ್ಣು ಯಾರ ಮಾತೂ ಕೇಳುವುದಿಲ್ಲ. ಒಸಾಕಾ ಕೊಲ್ಲಿಯಲ್ಲಿ ದ್ವೀಪ ಕಟ್ಟಿ 1994ರಲ್ಲಿ ತೆರೆದ ಕನ್ಸಾಯ್ ವಿಮಾನ ನಿಲ್ದಾಣ ಇದಕ್ಕೆ ಸಾಕ್ಷಿ. ಮೇಲಿನ ಮೆತ್ತನೆಯ ಜೇಡಿಯಲ್ಲಿ ಮರಳಿನ ಕಂಬ ಇಳಿಸಿ ನೀರು ತೆಗೆದರು. ಅದರ ಕೆಳಗಿನ ಹಳೆಯ ಜೇಡಿ ಕುಸಿಯುತ್ತಲೇ ಹೋಯಿತು. ಕಟ್ಟಲು ಶುರು ಮಾಡಿದಾಗಿನಿಂದ ದ್ವೀಪ ಹತ್ತು ಮೀಟರಿಗಿಂತ ಜಾಸ್ತಿ ಕುಸಿದಿದೆ, ಈಗಲೂ ವರ್ಷಕ್ಕೆ ಕೆಲವು ಸೆಂಟಿಮೀಟರ್ ಇಳಿಯುತ್ತಿದೆ. ಕಟ್ಟಡ ವಾಲದಿರಲಿ ಅಂತ ಕಂಬಗಳ ಬುಡಕ್ಕೆ ಜಾಕ್ ಕೊಟ್ಟು ಎತ್ತಿ, ಕೆಳಗೆ ಉಕ್ಕಿನ ತಗಡು ತೂರಿಸುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ಜೆಬಿ ಚಂಡಮಾರುತ ಬಂದಾಗ ರನ್‌ವೇ ಮೇಲೆ ಕಡಲೇ ಹರಿಯಿತು. ಸೇತುವೆಗೆ ಹಡಗು ಬಡಿದು, ಸಾವಿರಾರು ಜನ ಅಲ್ಲೇ ಸಿಕ್ಕಿಬಿದ್ದರು. ಜಗತ್ತಿನ ಪಳಗಿದ ಎಂಜಿನಿಯರುಗಳ ಕೆಲಸವೇ ಹೀಗಾದರೆ, ಆತುರದಲ್ಲಿ ತುಂಬುವವರ ಗತಿ ಏನು?

ಮರಳು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಕೇಳಬೇಕು. ದುಬೈ ಸುತ್ತ ಮರುಭೂಮಿಯೇ ಇದ್ದರೂ ಪಾಮ್ ಜುಮೇರಾ ದ್ವೀಪಕ್ಕೆ ಮರಳು ತೆಗೆದದ್ದು ಕಡಲ ತಳದಿಂದ. ಗಾಳಿಗೆ ಉರುಳಿ ನುಣುಪಾದ ಮರುಭೂಮಿಯ ಕಣಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಸಿಂಗಾಪುರ ನೆರೆಯ ದೇಶಗಳಿಂದ ಮರಳು ತರಿಸಿತು. 2007ರಲ್ಲಿ ಇಂಡೊನೇಷ್ಯಾ ಮರಳಿನ ರಫ್ತನ್ನೇ ನಿಲ್ಲಿಸಿತು. ಒಂದು ಊರು ಬೆಳೆಯಲು ಇನ್ನೊಂದು ಕರಾವಳಿ ಸವೆಯಬೇಕೆಂದರೆ ಅದನ್ನು ಬೆಳವಣಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹರಿವಿನ ಕತೆಯೂ ಇದೇ. ಪಾಮ್ ದ್ವೀಪದ ಸುತ್ತಲಿನ ಅಲೆತಡೆ ಗೋಡೆಯೊಳಗೆ ನೀರು ಕೊಳೆಯದಿರಲು ಆಮೇಲೆ ಗೋಡೆಯಲ್ಲಿ ಎರಡು ಕಡೆ ದಾರಿ ಬಿಡಬೇಕಾಯಿತು. ದಡದುದ್ದಕ್ಕೂ ಸಾಗುವ ಮರಳಿಗೆ ಹೊಸ ನೆಲ ಅಡ್ಡ ಬಂದರೆ, ಆಚೆಗಿನ ದಡ ಕೊರೆದುಹೋಗುತ್ತದೆ.

ತುಂಬಲು ಮೊದಲು ಆರಿಸುವುದು ಆಳವಿಲ್ಲದ ಜಾಗ, ಖರ್ಚು ಕಡಿಮೆ ಅಂತ. ನೀರು ಇಳಿದಾಗ ಅಲ್ಲಿಗೆ ಹೋಗಿ ನೋಡಬೇಕು. ಕೆಸರಿನ ತುಂಬ ಏಡಿಯ ತೂತುಗಳು, ಮರಿಮೀನು ಸಿಕ್ಕಿಕೊಂಡ ಸಣ್ಣ ಹೊಂಡಗಳು, ಬುಟ್ಟಿ ಹಿಡಿದು ಚಿಪ್ಪು ಆರಿಸುವ ಹೆಂಗಸರು. ನಕ್ಷೆಯಲ್ಲಿ ಅದು ಬರೀ ಖಾಲಿ ಜಾಗ. ಆ ಕೆಸರು ಯಾರ ಹೆಸರಿನಲ್ಲೂ ಇರುವುದಿಲ್ಲ, ಹಾಗಾಗಿ ಪರಿಹಾರದ ಪಟ್ಟಿ ಬರೆಯುವಾಗ ಆ ಹೆಂಗಸರ ಹೆಸರು ಸೇರುವುದೂ ಕಷ್ಟ.