ಎಸಿ ಗ್ಯಾಸ್ ಖಾಲಿಯಾಗಲ್ಲ ಸ್ವಾಮಿ, ಸೋರುತ್ತೆ

ಬಳ್ಳಾರಿಯ ಏಪ್ರಿಲ್ ಬಿಸಿಲು, ನಮ್ಮದು 2009ರ ಕಾರು, ಎಸಿ ಹಾಕಿದರೆ ಬರೀ ಬಿಸಿಗಾಳಿ. ಮೂರು ವರ್ಷ ಇದೇ ಕಥೆ. ಗ್ಯಾರೇಜಿಗೆ ಹೋದರೆ ಹುಡುಗ ಬಾನೆಟ್ ಎತ್ತಿ "ಗ್ಯಾಸ್ ಖಾಲಿ ಸಾರ್" ಅನ್ನುತ್ತಿದ್ದ, ಹತ್ತೇ ನಿಮಿಷದಲ್ಲಿ ತುಂಬಿಸಿ ಎರಡು ಸಾವಿರ ತೆಗೆದುಕೊಳ್ಳುತ್ತಿದ್ದ. ಆಗಸ್ಟ್ ಹೊತ್ತಿಗೆ ತಂಪು ಮಾಯ. ಮಳೆಗಾಲ ಅಲ್ವಾ ಅಂತ ನಾನೂ ಸುಮ್ನೆ ಇರುತ್ತಿದ್ದೆ.

ನನಗೆ ಸಿಟ್ಟು ಬರೋದು ಆ "ಖಾಲಿ" ಅನ್ನೋ ಮಾತಿಗೆ. ಉರಿದು ಮುಗಿಯೋಕೆ ಅದೇನು ಪೆಟ್ರೋಲಾ? ಕಂಪ್ರೆಸರ್ ಒತ್ತುತ್ತದೆ, ಮುಂದಿನ ಕಂಡೆನ್ಸರ್‌ನಲ್ಲಿ ಬಿಸಿ ಬಿಟ್ಟು ದ್ರವ ಆಗುತ್ತದೆ, ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಆವಿ ಆಗುತ್ತದೆ, ಹೀಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಹಳೇ ಗಾಡಿಯಲ್ಲಿ ಹೋಸು, ಸೀಲು ಒಣಗಿ ವರ್ಷಾನುಗಟ್ಟಲೆಯಲ್ಲಿ ಒಂಚೂರು ಕಮ್ಮಿ ಆಗಬಹುದು, ಒಪ್ಪೋಣ. ನಾಲ್ಕು ತಿಂಗಳಿಗೇ ಹೋಯಿತು ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಪಂಕ್ಚರ್ ಹಾಕದೆ ಗಾಳಿ ಹೊಡೆದು ಕಳಿಸಿದ ಹಾಗಾಯಿತು ಇದು.

ಈ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ, ವಯಸ್ಸಾದವರು. ಅವರು ಪ್ರೆಶರ್ ನೋಡೋ ಗೇಜ್ ಮುಟ್ಟೋಕೂ ಮುಂಚೆ ಟಾರ್ಚ್ ಹಾಕಿ ಒಂದು ಪೈಪಿನ ಜಾಯಿಂಟ್ ತೋರಿಸಿದರು. ಅಲ್ಲಿ ಧೂಳು ಕಪ್ಪಗೆ ಅಂಟಿಕೊಂಡಿತ್ತು. "ಗ್ಯಾಸ್ ಜೊತೆ ಆಯಿಲೂ ಬರುತ್ತೆ ಸರ್, ಧೂಳು ಅಲ್ಲೇ ಹಿಡ್ಕೊಳ್ಳುತ್ತೆ" ಅಂದರು. ಆಮೇಲೆ ನೈಟ್ರೋಜನ್ ಪ್ರೆಶರ್ ಕೊಟ್ಟು, ಬ್ರಷ್‌ನಲ್ಲಿ ಸೋಪಿನ ನೊರೆ ಬಳಿದರು. ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳು, ನಿಧಾನಕ್ಕೆ, ಒಂದರ ಹಿಂದೆ ಒಂದು. ಮೂರು ವರ್ಷ ನನ್ನ ದುಡ್ಡು ಅಲ್ಲಿಂದಲೇ ಹೋಗಿದ್ದು! ಆ ಜಾಯಿಂಟಿನಿಂದ ಕಿತ್ತ ಓ-ರಿಂಗ್, ಅಂದರೆ ಸೋರದ ಹಾಗೆ ಹಾಕೋ ರಬ್ಬರ್ ಬಳೆ, ಕೈಗೆ ಕೊಟ್ಟರು, ಬಗ್ಗಿಸಿದರೆ ಪಟ್ ಅಂತ ಮುರೀತು.

ಓ-ರಿಂಗ್‌ಗಳನ್ನೂ ತೇವ ಹೀರೋ ಡ್ರೈಯರನ್ನೂ ಬದಲಿಸಿ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದರು, ಅಂದರೆ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಲ್ಲಾ ಹೊರಗೆ ತೆಗೆದರು. ಇದನ್ನೇ ಜಾಸ್ತಿ ಜನ ಬಿಟ್ಟುಬಿಡೋದು. ಪೈಪಿನ ಒಳಗೆ ತೇವ ಉಳಿದರೆ ಒಳಗಿನ ಕಾಯಿಲ್‌ಗೆ ಗ್ಯಾಸ್ ಬಿಡೋ ವಾಲ್ವ್ ಹತ್ತಿರ ಹಿಮ ಕಟ್ಟುತ್ತದೆ, ಆಯಿಲ್ ಜೊತೆ ಸೇರಿ ಆಮ್ಲ ಆಗಿ ಒಳಗಿಂದಲೇ ತಿನ್ನುತ್ತದೆ. ಪಂಪ್ ಆಫ್ ಮಾಡಿ ಗೇಜಿನ ಮುಳ್ಳು ಮೇಲೆ ಏರುತ್ತಾ ಅಂತ ಕಾದು ನೋಡಿದರು. ಅಲುಗಲಿಲ್ಲ, ಅಂದರೆ ಲೀಕ್ ನಿಂತಿತ್ತು. ಕೊನೆಗೆ ಸಿಲಿಂಡರನ್ನು ತೂಕದ ಮೆಷಿನ್ ಮೇಲಿಟ್ಟು, ಬಾನೆಟ್ ಸ್ಟಿಕರ್‌ನಲ್ಲಿ ಬರೆದಷ್ಟೇ ಗ್ರಾಂ ಹಾಕಿದರು. ಜಾಸ್ತಿ ತುಂಬಿಸಿದರೆ ಜಾಸ್ತಿ ತಂಪು ಅನ್ನೋದೂ ಸುಳ್ಳು, ಪ್ರೆಶರ್ ಏರಿ ಕಂಪ್ರೆಸರ್‌ಗೇ ಏಟು.

ಅಂದಹಾಗೆ ನಮ್ಮ ಗಾಡಿಯಲ್ಲಿರೋ ಆರ್-134ಎ ಗ್ಯಾಸ್ ಹೊರಗೆ ಹೋದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಭೂಮಿ ಬಿಸಿ ಮಾಡುತ್ತದೆ. ಬಿಸಿಲಿಗೆ ಹೆದರಿ ತುಂಬಿಸಿದ್ದು ಬಿಸಿಲನ್ನೇ ಹೆಚ್ಚಿಸಿತು, ನಗಬೇಕೋ ಅಳಬೇಕೋ.

ಬಿಲ್ ನಾಲ್ಕೂವರೆ ಸಾವಿರ ಆಯಿತು. ಜಾಸ್ತಿ ಅಂತೀರಾ? ಅದಕ್ಕೂ ಮುಂಚೆ ಆರು ಸಾವಿರ ಗಾಳಿಗೆ ಬಿಟ್ಟವನು ನಾನು. ನೀವೂ ಹಳೇ ಗಾಡಿ ತಗೊಂಡು ಹೋದಾಗ ಲೀಕ್ ಎಲ್ಲಿ ಅಂತ ಕೇಳಿ, ಎಷ್ಟು ಗ್ರಾಂ ಅಂತ ಕೇಳಿ. "ಅಂದಾಜಲ್ಲಿ ಹಾಕ್ತೀವಿ ಸಾರ್" ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.