ಕರೆಂಟ್ ಬರಲಿ, ಕಾಯುತ್ತೇವೆ

ಆರು ತಿಂಗಳಿಂದ ನನ್ನ ಕತ್ತಿಗೂ ಎಡಭುಜಕ್ಕೂ ನಡುವೆ ನೋವೊಂದು ಬಾಡಿಗೆ ಕೊಡದೆ ಬಿಡಾರ ಹೂಡಿದೆ. ಮೂರು ತಿಂಗಳು ದಾಟಿದ ನೋವಿಗೆ ‘ದೀರ್ಘಕಾಲದ ನೋವು’ ಎಂಬ ಬಡ್ತಿ ಸಿಗುತ್ತದೆ. ಸರ್ಕಾರಿ ನೌಕರನಾಗಿ ನನಗೆ ಅಷ್ಟು ಬೇಗ ಯಾವ ಬಡ್ತಿಯೂ ಸಿಕ್ಕಿರಲಿಲ್ಲ.

ಫಿಸಿಯೋಥೆರಪಿಗೆ ಹೋದೆ. ಅಲ್ಲಿನ ಬೆಂಚಿನ ಮೇಲೆ ಕೂತವರದು ಒಂದೇ ಮಾತು: ಕರೆಂಟ್, ಅಂದರೆ ನೋವಿರುವ ಜಾಗಕ್ಕೆ ತಂತಿ ಅಂಟಿಸಿ ಯಂತ್ರದಿಂದ ಹರಿಸುವ ಸಣ್ಣ ವಿದ್ಯುತ್. “ನಿಮಗೆ ಎಷ್ಟು ಹೊತ್ತು ಕರೆಂಟ್ ಕೊಟ್ಟರು ಸಾರ್?” “ಹತ್ತು ನಿಮಿಷ.” “ಅಷ್ಟೇನಾ? ನನಗೆ ಹದಿನೈದು!” ಎಂದು ಪಕ್ಕದ ಹಿರಿಯರು ಬೀಗಿದರು. ಹೆಚ್ಚು ಹೊತ್ತು ಕರೆಂಟ್ ಹರಿಸಿಕೊಂಡವರೇ ಅಲ್ಲಿ ದೊಡ್ಡ ರೋಗಿ.

ಒಳಗಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಮಾತ್ರ ಬೇರೆಯೇ ರಾಗ ತೆಗೆದಳು. ಯಂತ್ರದಿಂದ ಸಿಗುವುದು ತಾತ್ಕಾಲಿಕ ಆರಾಮ, ಸ್ನಾಯುವಿಗೆ ಬಲ ಬರಬೇಕಾದರೆ ನೀವೇ ವ್ಯಾಯಾಮ ಮಾಡಬೇಕು, ಸ್ವಲ್ಪ ನೋವಾದರೂ ಹೆದರಬೇಡಿ, ನಿಧಾನವಾಗಿ ಹೆಚ್ಚಿಸಿಕೊಂಡು ಹೋಗಿ, ಹಾಸಿಗೆ ಹಿಡಿದು ಮಲಗಬೇಡಿ ಎಂದಳು. ಕೈಗೊಂದು ರಬ್ಬರ್ ಪಟ್ಟಿ ಕೊಟ್ಟು ಹತ್ತು ಸಲ ಎಳೆಯಲು ಹೇಳಿದಳು. ಹಿರಿಯರಿಗೆ ಇದು ಶುದ್ಧ ಮೋಸವೆನಿಸಿತು. “ದುಡ್ಡೂ ನಾವೇ ಕೊಟ್ಟು ಕೆಲಸವೂ ನಾವೇ ಮಾಡುವುದೇ?”

ಅವರನ್ನು ಅಂದು ಏನು ಪ್ರಯೋಜನ? ನಮ್ಮ ಮೈಸೂರೇ ಹಾಗೆ. ನಾಲ್ವಡಿಯವರು ಯೋಗಗುರು ಕೃಷ್ಣಮಾಚಾರ್ಯರನ್ನು ಕರೆಸಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರಿದು. ಇಂದಿಗೂ ಗೋಕುಲಂನಲ್ಲಿ ಕೋಳಿ ಕೂಗುವ ಹೊತ್ತಿಗೆ ವಿದೇಶಿಯರು ಚಾಪೆ ಸುತ್ತಿಕೊಂಡು ಮೈ ಬಗ್ಗಿಸಲು ಹೊರಡುತ್ತಾರೆ. ಅವರನ್ನು ಕಂಡು ಹೆಮ್ಮೆಪಡುತ್ತ ನಾವು ನಾಲ್ಕು ಮನೆ ಆಚೆಯ ಹಾಲಿನ ಬೂತಿಗೆ ಸ್ಕೂಟರ್ ಚಾಲೂ ಮಾಡುತ್ತೇವೆ. 2022ರ ಜೂನ್ 21ರಂದು ಪ್ರಧಾನಿಯೇ ಅರಮನೆಯ ಅಂಗಳಕ್ಕೆ ಬಂದು ಸಾವಿರಾರು ಜನರ ನಡುವೆ ಯೋಗ ಮಾಡಿದರು. ಆ ಉತ್ಸಾಹದಲ್ಲಿ ನಮ್ಮ ಮನೆಗೂ ಒಂದು ಯೋಗದ ಚಾಪೆ ಬಂತು. ಸಂಡಿಗೆ ಒಣಗಿಸಲು ಅದರಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ.

ಕುಕ್ಕರಹಳ್ಳಿ ಕೆರೆಯ ಗೇಟಿನ ಬಳಿ ಬೆಳಗ್ಗೆ ನಿಂತು ನೋಡಿ. ವಾಕಿಂಗಿಗೆ ಬಂದವರು ಕಾರನ್ನು ಗೇಟಿಗೆ ಅಂಟಿಸಿ ನಿಲ್ಲಿಸಲು ಜಗಳವಾಡುತ್ತಿರುತ್ತಾರೆ. ಐವತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದರೆ ಅಲ್ಲಿಂದ ನಡೆದು ಬರಬೇಕಲ್ಲ! ಚಾಮುಂಡಿ ಬೆಟ್ಟಕ್ಕೆ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳಿವೆ, ಆದರೂ ರೋಪ್‌ವೇ ಬೇಕೆಂಬ ಕೂಗು ಆಗಾಗ ಏಳುತ್ತದೆ. (ಇಷ್ಟು ವರ್ಷ ಕೂತೇ ಇದ್ದರೂ ಸೊಂಟ ಹಿಡಿಯದ್ದು ಆ ಮೆಟ್ಟಿಲ ದಾರಿಯ ಕಲ್ಲಿನ ನಂದಿಗೆ ಮಾತ್ರ.)

ನಮ್ಮ ಬಡಾವಣೆಯ ಪಾರ್ಕಿನಲ್ಲೂ ಬಯಲು ಜಿಮ್ ಇದೆ. ಉದ್ಘಾಟನೆಯ ಕಲ್ಲಿನ ಮೇಲೆ ಹನ್ನೊಂದು ಹೆಸರು, ಇರುವ ಯಂತ್ರಗಳು ಆರು, ಅಲುಗಾಡುವವು ಎರಡು. ಭುಜ ತಿರುಗಿಸುವ ಚಕ್ರದ ಮೇಲೆ ಕಾವಲುಗಾರನ ಪಂಚೆ ಒಣಗುತ್ತಿರುತ್ತದೆ. ಹೇಗಿದ್ದರೂ ಬೆಳಗ್ಗೆ ಒಂಬತ್ತಕ್ಕೆ ಪಾರ್ಕಿಗೇ ಬೀಗ.

ಮೊನ್ನೆ ನಾವೆಲ್ಲ ಸಾಲಾಗಿ ತಂತಿ ಅಂಟಿಸಿಕೊಂಡು ಮಲಗಿದ್ದಾಗ ಕರೆಂಟೇ ಹೋಯಿತು. ಹುಡುಗಿ ಇದೇ ಸಮಯವೆಂದು ಗೆಲುವಿನಿಂದ ರಬ್ಬರ್ ಪಟ್ಟಿಗಳನ್ನು ಹಿಡಿದು ಬಂದಳು. “ಅಲ್ಲಿಯವರೆಗೆ ಇದನ್ನು ಎಳೆಯಿರಿ.”

“ಬೇಡಮ್ಮ,” ಎಂದರು ಹಿರಿಯರು, ಕಣ್ಣನ್ನೂ ತೆರೆಯದೆ. “ಕರೆಂಟ್ ಬರಲಿ, ಕಾಯುತ್ತೇವೆ.”

ನಾನೂ ಕಾದೆ.